ರಜೆ ಕೂಡಿಡುವ ದುಡ್ಡಲ್ಲ

ಮೈಸೂರು, ಮಂಡ್ಯದಿಂದ ಜರ್ಮನಿಗೆ ಕೆಲಸಕ್ಕೆ ಹೋಗುವವರನ್ನು ತಯಾರು ಮಾಡುವುದು ನನ್ನ ವೃತ್ತಿ. ಭಾಷೆ, ವೀಸಾ, ಬಾಡಿಗೆ ಮನೆ, ಎಲ್ಲವನ್ನೂ ನಮ್ಮ ಮಕ್ಕಳು ಚೆನ್ನಾಗಿಯೇ ನಿಭಾಯಿಸುತ್ತಾರೆ. ರಜೆಯ ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ.

ಮದ್ದೂರಿನ ಹುಡುಗನೊಬ್ಬ ಡಿಸೆಂಬರ್‌ನಲ್ಲಿ ಫೋನ್ ಮಾಡಿದ. "ಸಾರ್, 18 ದಿನ ರಜಾ ಹಂಗೇ ಉಳಿಸಿದ್ದೀನಿ. ದುಡ್ಡು ಯಾವಾಗ ಕೊಡ್ತಾರೆ?" ದನಿಯಲ್ಲಿ ಹೆಮ್ಮೆ. ಕೇಳಿ ನನಗೆ ಸಂಕಟವಾಯಿತು. ಅವನ ಅಪ್ಪ ಸರ್ಕಾರಿ ನೌಕರರಾಗಿದ್ದವರು. ನಿವೃತ್ತಿಯಾದಾಗ 300 ದಿನದ ಗಳಿಕೆ ರಜೆ ದುಡ್ಡಾಗಿ ಕೈಗೆ ಬಂತು, ಮನೆಯ ಮೇಲಂತಸ್ತು ಎದ್ದದ್ದು ಅದರಲ್ಲೇ. "ಸುಮ್ನೆ ರಜಾ ಕಳೀಬೇಡ ಮಗಾ" ಎಂದು ಅವರು ಹೇಳಿ ಕಳಿಸಿದ್ದರು. ಆ ಮಾತು ಇಲ್ಲಿಗೆ ಸರಿ, ಅಲ್ಲಿಗಲ್ಲ.

ಜರ್ಮನಿಯ ರಜೆ ಕಾನೂನು 1963ರದ್ದು. ವಾರಕ್ಕೆ 5 ದಿನ ದುಡಿಯುವವರಿಗೆ ವರ್ಷಕ್ಕೆ ಕಡಿಮೆ ಅಂದರೂ 20 ದಿನ ಸಂಬಳದ ರಜೆ. ಎಷ್ಟೋ ಕಂಪನಿಗಳು 30 ದಿನ ಕೊಡುತ್ತವೆ. ಆದರೆ ಕೆಲಸದಲ್ಲಿ ಇರುವಷ್ಟು ದಿನ ಆ 20 ದಿನಕ್ಕೆ ಬದಲಾಗಿ ದುಡ್ಡು ಕೊಡುವ ಹಾಗಿಲ್ಲ. ನೀವು ಬರೆದುಕೊಟ್ಟರೂ ಇಲ್ಲ, ಮಾಲೀಕರು ಒಪ್ಪಿದರೂ ಇಲ್ಲ. ಕೆಲಸ ಬಿಡುವಾಗ ರಜೆ ಉಳಿದಿದ್ದರೆ ಮಾತ್ರ ಲೆಕ್ಕ ಹಾಕಿ ಕೊಡುತ್ತಾರೆ. ರಜೆ ಇರುವುದೇ ದಣಿದ ಮೈಗೆ ವಿಶ್ರಾಂತಿ ಸಿಗಲಿ ಅಂತ. ದುಡ್ಡು ಕೈಗೆ ಬಂದರೆ ದಣಿವು ಇಳಿಯುವುದಿಲ್ಲ ಅಲ್ವಾ? ಹಾಗಾಗಿ ಆ ವರ್ಷದ್ದು ಆ ವರ್ಷವೇ ಮುಗಿಯಬೇಕು. ತಕ್ಕ ಕಾರಣವಿದ್ದರೆ ಮುಂದಿನ ಮಾರ್ಚ್ 31ರವರೆಗೆ ತಳ್ಳಬಹುದು. 20ರ ಮೇಲಿನ ದಿನಗಳಿಗೆ ಕಂಪನಿಯ ಕರಾರಿನಲ್ಲಿ ಬೇರೆ ಷರತ್ತು ಇರಬಹುದು. ಅದನ್ನು ಓದದೆ ನಾನು ಯಾರಿಗೂ ಖಚಿತವಾಗಿ ಹೇಳುವುದಿಲ್ಲ.

"ಇಷ್ಟು ದಿನ ಉಳಿದಿದೆ, ತೆಗೆದುಕೊಳ್ಳದಿದ್ದರೆ ಹೋಗುತ್ತದೆ" ಎಂಬ ಮೇಲ್ ಆ ಹುಡುಗನಿಗೆ ಸೆಪ್ಟೆಂಬರ್‌ನಲ್ಲೇ ಬಂದಿತ್ತು. ಹೀಗೆ ಮುಂಚೆಯೇ ಎಚ್ಚರಿಸದಿದ್ದರೆ ರಜೆ ತಾನಾಗಿ ರದ್ದಾಗುವುದಿಲ್ಲ ಎಂದು 2018ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದೆ. ಕಂಪನಿಗಳು ಮೇಲ್ ಕಳಿಸುವುದು ಅದಕ್ಕೇ. ಇವನು ಅದನ್ನು ಮೆಚ್ಚುಗೆ ಪತ್ರ ಅಂದುಕೊಂಡಿದ್ದ! ರಜೆ ಹಾಕದವನೇ ಒಳ್ಳೆಯ ಕೆಲಸಗಾರ ಎಂಬ ನಂಬಿಕೆ ಅಷ್ಟು ಗಟ್ಟಿ. ಅಲ್ಲಿ ಬಾಸೇ ಆಗಸ್ಟ್‌ನಲ್ಲಿ ಮೂರು ವಾರ ಕಾಣುವುದಿಲ್ಲ, ಯಾರೂ ತಪ್ಪು ತಿಳಿಯುವುದಿಲ್ಲ.

ಸರಸ್ವತಿಪುರಂನ ನರ್ಸ್ ಹುಡುಗಿಯೊಬ್ಬಳು ದಸರಾಕ್ಕೆ ಬಂದವಳು ನಾಲ್ಕು ದಿನ ಜ್ವರದಲ್ಲಿ ಮಲಗಿದಳು. ಗೊಂಬೆ ಕೂರಿಸಿದ ಕೋಣೆಯಲ್ಲೇ ಹಾಸಿಗೆ. ಮೊದಲ ದಿನವೇ ಮೊಬೈಲಲ್ಲಿ ಆಸ್ಪತ್ರೆಗೆ ತಿಳಿಸಿದಳು, ಇಲ್ಲಿನ ವಿಳಾಸ ಕೊಟ್ಟಳು, ಡಾಕ್ಟರ ಸರ್ಟಿಫಿಕೇಟ್ ಕಳಿಸಿದಳು. ಆ ನಾಲ್ಕೂ ದಿನ ರಜೆ ಲೆಕ್ಕಕ್ಕೆ ವಾಪಸ್ ಬಂತು. ಕಾಯಿಲೆಯ ದಿನವನ್ನು ರಜೆಯಿಂದ ಕಳೆಯಬಾರದು ಎಂದು ಕಾನೂನೇ ಹೇಳುತ್ತದೆ. ಅವಳ ಅಮ್ಮ ಮಾತ್ರ "ಅಷ್ಟೊಂದು ಕೇಳಿದ್ರೆ ಕೆಲ್ಸದಿಂದ ತೆಗೀತಾರೇನೋ" ಎಂದು ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ.

ಮಕ್ಕಳು ದಸರಾಕ್ಕೆ ಬರಲಿ ಎಂದಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಲ್ಲಿ ಬಹಳ ಕಡೆ ವರ್ಷದ ಶುರುವಿಗೇ ಯಾರಿಗೆ ಯಾವಾಗ ರಜೆ ಎಂದು ಬರೆದಿಡುತ್ತಾರೆ. ಒಂಟಿಕೊಪ್ಪಲ್ ಪಂಚಾಂಗ ಬರುವುದು ಯುಗಾದಿಗೆ. ಅಲ್ಲಿಯವರೆಗೆ ಕಾಯಬೇಡಿ. ಜನವರಿಯಲ್ಲಿ ಗೋಡೆಗೆ ನೇತುಹಾಕುವ ಕ್ಯಾಲೆಂಡರಲ್ಲೇ ವಿಜಯದಶಮಿ ಇರುತ್ತದೆ. ಆ ಹಾಳೆಯ ಫೋಟೋ ತೆಗೆದು ಅವತ್ತೇ ಕಳಿಸಿ.