ರಿಕವರಿ ಅಂದರೆ ವಾಸಿಯಾಗುವುದಲ್ಲ

"ಪ್ರಿಂಟ್ ಸ್ಪೂಲರ್ ಆಟೋಮ್ಯಾಟಿಕ್ ಅಂತಲೇ ಇದೆಯಲ್ಲ, ಮತ್ತೆ ಯಾಕೆ ರಿಕವರಿ ಆಗಲಿಲ್ಲ?" ಈ ವಾರ ಈ ಪ್ರಶ್ನೆ ಬಂದದ್ದು ಇದು ಮೂರನೇ ಸಲ. ಪ್ರಿಂಟ್ ಸ್ಪೂಲರ್ ಅಂದರೆ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸುವ ವಿಂಡೋಸ್ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಸರಿ, ಬರೆದೇ ಬಿಡುತ್ತೇನೆ.

ಆಟೋಮ್ಯಾಟಿಕ್ ಅನ್ನುವುದು ಸ್ಟಾರ್ಟಪ್ ಟೈಪ್. ವಿಂಡೋಸ್ ಶುರುವಾದಾಗ ಸರ್ವಿಸ್ ಕೂಡ ತಾನಾಗಿ ಶುರುವಾಗುತ್ತದೆ, ಅಷ್ಟೇ. ಮಧ್ಯಾಹ್ನ ಅದು ಬಿದ್ದುಹೋದರೆ ಏನು ಮಾಡಬೇಕು ಅನ್ನುವುದನ್ನು ಆ ಸರ್ವಿಸ್‌ನ ಪ್ರಾಪರ್ಟೀಸ್ ಕಿಟಕಿಯ ರಿಕವರಿ ಟ್ಯಾಬ್‌ನಲ್ಲಿ ಬೇರೆಯಾಗಿಯೇ ಹೇಳಬೇಕು.

ಗೊಂದಲದ ಬೇರು ಪದದಲ್ಲೇ ಇದೆ. ಬ್ಯಾಂಕಿನವರ ಬಾಯಲ್ಲಿ ರಿಕವರಿ ಅಂದರೆ ಸಾಲ ವಸೂಲಿ. ಫೋಟೋ ಅಳಿಸಿಕೊಂಡವರಿಗೆ ಫೋಟೋ ವಾಪಸ್ ಸಿಗುವುದು. ಆಸ್ಪತ್ರೆಯಲ್ಲಿ ಚೇತರಿಕೆ. ಮೂಲ ಲ್ಯಾಟಿನ್‌ನ ರೆಕುಪೆರಾರೆ, ಅಂದರೆ ಕಳೆದದ್ದನ್ನು ಮರಳಿ ಪಡೆಯುವುದು; ಅದೇ ಹಳೆಯ ಫ್ರೆಂಚ್ ಹಾದು ಇಂಗ್ಲಿಷಿನಲ್ಲಿ ರಿಕವರ್ ಆಯಿತು. ಆದರೆ ಸರ್ವಿಸ್ ವಿಷಯದಲ್ಲಿ ಕಳೆದದ್ದು ಏನೂ ಮರಳುವುದಿಲ್ಲ, ಅರ್ಧ ಬರೆದ ಫೈಲ್ ಅರ್ಧವೇ, ಬಿದ್ದ ಕಾರಣವೂ ಹಾಗೇ ಉಳಿಯುತ್ತದೆ. ಕೆಟ್ಟ ಡ್ರೈವರ್‌ನಿಂದ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಸ್ಪೂಲರ್ ಬಿದ್ದಿದ್ದರೆ, ಎಬ್ಬಿಸಿದ ಮೇಲೂ ಅದೇ ಡ್ರೈವರ್, ಮತ್ತೆ ಅದೇ ಬೀಳುವುದು. ಇದನ್ನು ಚೇತರಿಕೆ ಅಂತ ಅನುವಾದಿಸಿದರೆ ಓದುವವರು ಸುಮ್ನೆ ಮೋಸ ಹೋಗುತ್ತಾರೆ. ನಾನಂತೂ 'ಬಿದ್ದರೆ ಏನು ಮಾಡಲಿ?' ಅಂತ ಓದಿಕೊಳ್ಳುತ್ತೇನೆ.

ಉತ್ತರಕ್ಕೆ ನಾಲ್ಕು ಆಯ್ಕೆ: ಏನೂ ಮಾಡಬೇಡ, ಸರ್ವಿಸ್ ರೀಸ್ಟಾರ್ಟ್ ಮಾಡು, ಒಂದು ಪ್ರೋಗ್ರಾಂ ಓಡಿಸು, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡು. ಮೊದಲ ಸಲ, ಎರಡನೇ ಸಲ, ಆಮೇಲಿನ ಸಲಗಳಿಗೆ ಬೇರೆ ಬೇರೆ ಇಡಬಹುದು. ನಾಲ್ಕನೆಯದನ್ನು ಮನೆಯ ಡೆಸ್ಕ್‌ಟಾಪಿನಲ್ಲಿ ದಯವಿಟ್ಟು ಇಡಬೇಡಿ. ಪ್ರಿಂಟರ್ ಕೈಕೊಟ್ಟಿತು ಅಂತ ನೀವು ಟೈಪ್ ಮಾಡುತ್ತಿದ್ದದ್ದೆಲ್ಲ ಹೋಗಬೇಕಾ?

ಇನ್ನು 'ಫೇಲ್ಯೂರ್'. ಇದಕ್ಕೂ ಇಲ್ಲಿ ನಾವಂದುಕೊಂಡಷ್ಟು ವಿಶಾಲ ಅರ್ಥವಿಲ್ಲ. ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ವಿಂಡೋಸ್‌ನ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್‌ಗೆ 'ನಿಂತೆ' ಅಂತ ಹೇಳದೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ದಿಢೀರ್ ಸತ್ತರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನೀವೇ ಸ್ಟಾಪ್ ಒತ್ತಿದ್ದು ಫೇಲ್ಯೂರ್ ಅಲ್ಲ. ಹ್ಯಾಂಗ್ ಆಗಿ ಕೂತದ್ದೂ ಅಲ್ಲ, ಪ್ರೋಸೆಸ್ ಇನ್ನೂ ಬದುಕಿದೆ ಅಲ್ವಾ? ಜಾಸ್ತಿ ಜನ ಎಡವುವುದು ಇಲ್ಲೇ. ಎರರ್ ಕೋಡ್ ಕೊಟ್ಟು ಕ್ರಮವಾಗಿ ನಿಂತದ್ದೂ ಲೆಕ್ಕಕ್ಕೆ ಬರಬೇಕಾದರೆ 'ಎನೇಬಲ್ ಆಕ್ಷನ್ಸ್ ಫಾರ್ ಸ್ಟಾಪ್ಸ್ ವಿತ್ ಎರರ್ಸ್' ಮುಂದೆ ಟಿಕ್ ಹಾಕಬೇಕು.

ನಾಲ್ಕನೇ ಸಲ ನನ್ನನ್ನು ಕೇಳುವ ಮುಂಚೆ ವಿಂಡೋಸ್‌ನಲ್ಲಿ ನಡೆದದ್ದನ್ನೆಲ್ಲ ದಾಖಲೆಯಾಗಿ ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ನೋಡಿ. ಇವೆಂಟ್ ಐಡಿ 7031 ಇದ್ದರೆ ಸರ್ವಿಸ್ ಬಿದ್ದಿತ್ತು, ಮುಂದೆ ಏನು ಮಾಡಲಾಗುತ್ತದೆ ಅಂತಲೂ ಅಲ್ಲೇ ಬರೆದಿರುತ್ತದೆ. 7034 ಇದ್ದರೆ ಬಿದ್ದದ್ದು ನಿಜ, ಎಬ್ಬಿಸು ಅಂತ ಯಾರೂ ಹೇಳಿರಲಿಲ್ಲ.