ಜಿಂಕೆಗೆಂದು ಬಿತ್ತುವ ಸಿಹಿಗುಂಬಳ

ಅಮೆರಿಕದಲ್ಲಿ ಕಾಡಿನ ಅಂಚಿಗೆ ಅರ್ಧ ಎಕರೆ, ಒಂದು ಎಕರೆ ಜಾಗ ಹಸನು ಮಾಡಿ ಸಿಹಿಗುಂಬಳ ಬಿತ್ತುವವರಿದ್ದಾರೆ. ಮಾರೋದಕ್ಕಲ್ಲ, ಮನೆಗೂ ಅಲ್ಲ. ಜಿಂಕೆ, ಅಳಿಲು, ಕಾಡುಹಕ್ಕಿಗಳು ಬಂದು ತಿನ್ನಲಿ ಅಂತ. ಇಂಥ ತಾಕಿಗೆ ಅಲ್ಲಿ ಫುಡ್ ಪ್ಲಾಟ್ ಅನ್ನುತ್ತಾರೆ. ಇದನ್ನು ಮಾಡುವವರಲ್ಲಿ ಬೇಟೆಗಾರರೇ ಜಾಸ್ತಿ. ಬೆಳೆ ಉಳಿಸಿಕೊಳ್ಳಲು ರಾತ್ರಿಯೆಲ್ಲಾ ಕಾವಲು ಕೂರುವ ನಮ್ಮ ಕಾಡಂಚಿನ ರೈತರಿಗೆ ಇದು ವಿಚಿತ್ರ ಅನ್ನಿಸಬಹುದು, ಅಲ್ವಾ?

ಮಣ್ಣು ಬೆಚ್ಚಗಾದ ಮೇಲೆ, ಮೇ ಕೊನೆಗೋ ಜೂನ್‌ನಲ್ಲೋ ಬೀಜ ಹಾಕುತ್ತಾರೆ. ಕಾಯಿ ಬಲಿಯಲು 90ರಿಂದ 120 ದಿನ ಬೇಕು. ಬಲಿತ ತಕ್ಷಣ ಜಿಂಕೆಗೆ ಅದು ದಕ್ಕುವುದಿಲ್ಲ. ಜಿಂಕೆಯ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲುಗಳೇ ಇಲ್ಲ. ಕೆಳಹಲ್ಲನ್ನು ಮೇಲಿನ ಗಟ್ಟಿ ಒಸಡಿಗೆ ಒತ್ತಿ ಸೊಪ್ಪು ಹರಿದು ತಿನ್ನುವ ಬಾಯಿ ಅದು. ದುಂಡನೆಯ ದಪ್ಪ ಸಿಪ್ಪೆಯ ಮೇಲೆ ಹಿಡಿತ ಸಿಗದೆ ಜಾರುತ್ತದೆ. ಆಮೇಲೆ ಚಳಿ ಬರುತ್ತದೆ. ರಾತ್ರಿ ತಿರುಳಿನ ನೀರು ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಹೀಗೆ ಕೆಲವು ಸಲ ಆದರೆ ಹಣ್ಣು ಮೆತ್ತಗಾಗಿ ಬಿರಿಯುತ್ತದೆ. ತಿರುಳಿನಲ್ಲಿ ಶೇಕಡಾ 90ರಷ್ಟು ನೀರೇ. ಸತ್ವವೆಲ್ಲ ಬೀಜದಲ್ಲಿದೆ. ಕೊಬ್ಬು, ಪ್ರೋಟೀನು ಎರಡೂ ಅದರಲ್ಲಿ ಸಿಗುತ್ತದೆ.

ಹಾಗಾದರೆ ಇಷ್ಟು ದಪ್ಪ ಸಿಪ್ಪೆಯ ಕಾಯಿ ಯಾವ ಬಾಯಿಗೆ ಹೊಂದುತ್ತಿತ್ತು? ಇದಕ್ಕೆ ಉತ್ತರ ಸಿಕ್ಕಿರುವುದು ಹಳೆಯ ಲದ್ದಿಯಲ್ಲಿ. ಆನೆಯ ದೂರದ ನೆಂಟ ಮಾಸ್ಟೊಡಾನ್ ಹಿಂದೆ ಅಮೆರಿಕದಲ್ಲಿ ಓಡಾಡಿಕೊಂಡಿತ್ತು. ಫ್ಲಾರಿಡಾದಲ್ಲಿ ಸಿಕ್ಕ ಅದರ ಸಾವಿರಾರು ವರ್ಷ ಹಳೆಯ ಲದ್ದಿಯಲ್ಲಿ ಕಾಡು ಕುಂಬಳದ ಬೀಜಗಳಿವೆ. ಕಾಡು ಕುಂಬಳ ಬಲು ಕಹಿ. ನಮ್ಮ ಕಹಿ ಸೋರೆ, ಕಹಿ ಸೌತೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಅದರಲ್ಲೂ ಇದೆ. 2015ರಲ್ಲಿ ವಿಜ್ಞಾನಿ ಲೋಗನ್ ಕಿಸ್ಲರ್ ಮತ್ತು ಸಂಗಡಿಗರು ಇದಕ್ಕೊಂದು ವಿವರಣೆ ಕೊಟ್ಟರು. ಕಹಿಯನ್ನು ಗುರುತಿಸುವ ಜೀನುಗಳು ಸಣ್ಣ ಪ್ರಾಣಿಗಳಲ್ಲಿ ಜಾಸ್ತಿ, ದೊಡ್ಡವುಗಳಲ್ಲಿ ಕಡಿಮೆ. ಇಲಿ ಮೂಸಿ ಬಿಟ್ಟು ಹೋಗುವ ಕಾಯನ್ನು ಮಾಸ್ಟೊಡಾನ್ ಇಡಿಯಾಗಿ ನುಂಗಬಲ್ಲದು. ಬೀಜ ದೂರದಲ್ಲೆಲ್ಲೋ ಗೊಬ್ಬರದ ಸಮೇತ ನೆಲಕ್ಕೆ ಬೀಳುತ್ತದೆ. ಆ ದೈತ್ಯ ಪ್ರಾಣಿಗಳು ಅಳಿದ ಮೇಲೆ ಕಾಡು ಕುಂಬಳದ ಹಲವು ಬಗೆಗಳು ಸೊರಗಿದವು. ಕೆಲವನ್ನು ಮನುಷ್ಯರು ಕೈಹಿಡಿದರು. ಮೆಕ್ಸಿಕೋದ ಒಆಹಾಕಾದ ಗವಿಯೊಂದರಲ್ಲಿ ಸುಮಾರು 10,000 ವರ್ಷ ಹಿಂದಿನ ಸಾಕಿದ ಕುಂಬಳದ ಬೀಜಗಳು ಸಿಕ್ಕಿವೆ. ನಾವಿಂದು ತಿನ್ನುವ ಸಿಹಿ ತಿರುಳು, ಕಹಿ ಕಡಿಮೆಯಿದ್ದ ಬಳ್ಳಿಗಳನ್ನು ತಲೆಮಾರುಗಳ ಕಾಲ ಆರಿಸಿ ಆರಿಸಿ ಬಿತ್ತಿದ್ದರ ಫಲ. ಜಿಂಕೆ ಮಾಸ್ಟೊಡಾನಿನ ಜಾಗ ತುಂಬಲಾರದು. ಅದು ಬೀಜವನ್ನೂ ಅಗಿದುಬಿಡುತ್ತದೆ. ಮುಂದಿನ ವರ್ಷವೂ ಮನುಷ್ಯನೇ ಬಿತ್ತಬೇಕು.

ಇದರಲ್ಲಿ ಒಂದು ಎಚ್ಚರ ಬೇಕು. ಬೆಳೆದ ಜಾಗದಲ್ಲೇ ಅಲ್ಲೊಂದು ಇಲ್ಲೊಂದು ಬಿದ್ದಿರುವ ಕಾಯಿ ಬೇರೆ, ಕುಂಬಳ ಕೆತ್ತಿ ಅಲಂಕರಿಸುವ ಹ್ಯಾಲೋವೀನ್ ಹಬ್ಬ ಮುಗಿದ ಮೇಲೆ ತಂದು ಸುರಿದ ರಾಶಿ ಬೇರೆ. ರಾಶಿಯ ಸುತ್ತ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ತಿನ್ನುತ್ತವೆ. ಅವುಗಳನ್ನು ಸವೆಸಿ ಕೊಲ್ಲುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ, ಪ್ರಿಯಾನ್ ಅಂದರೆ ಆಕಾರ ಕೆಟ್ಟ ಪ್ರೋಟೀನಿನಿಂದ ಬರುವ ರೋಗ 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡಿತು. ಅದು ಜೊಲ್ಲು, ಹಿಕ್ಕೆಗಳಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ರಾಶಿ ಸುರಿಯುವುದನ್ನು ಎಷ್ಟೋ ರಾಜ್ಯಗಳು ನಿಷೇಧಿಸಿವೆ. ಅದು ಸರಿಯಾದ ಕ್ರಮ ಅಂತಲೇ ನನ್ನ ನಂಬಿಕೆ.

ಇನ್ನು ಈ ತಾಕಿನಲ್ಲಿ ನನಗೆ ಅತಿ ಪ್ರಿಯವಾದ ಜೀವಿ ಜಿಂಕೆಯಲ್ಲ, ಸ್ಕ್ವಾಷ್ ಬೀ. ಇದು ಗೂಡು ಕಟ್ಟಿ ಗುಂಪಾಗಿ ಬಾಳದ ಒಂಟಿ ಜೇನು. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಅದರ ಪರಾಗ ದಪ್ಪ, ಅಂಟು. ಗಾಳಿಗೆ ಹಾರುವುದಿಲ್ಲ. ಈ ಜೇನು ಬೆಳಕು ಹರಿಯುವ ಹೊತ್ತಿಗೇ ಹೂವಿನಿಂದ ಹೂವಿಗೆ ಓಡಾಡುತ್ತದೆ. ಮುದುಡಿದ ಹೂವನ್ನು ಮಧ್ಯಾಹ್ನ ಬಿಡಿಸಿ ನೋಡಿದರೆ ಒಳಗೆ ಗಂಡು ಜೇನು ಸುಮ್ನೆ ಮಲಗಿರುತ್ತದೆ. ಹೆಣ್ಣು ಬಳ್ಳಿಯ ಆಸುಪಾಸಿನ ನೆಲದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತದೆ. ಮರಿಗಳು ಚಳಿಗಾಲ ಕಳೆಯುವುದು ಆ ಮಣ್ಣಿನಲ್ಲೇ. ಆಳವಾಗಿ ಉತ್ತರೆ ಅವುಗಳಲ್ಲಿ ಹಲವು ಸಾಯುತ್ತವೆ. ಅದಕ್ಕೇ ಮರುವರ್ಷ ಹಳೆಯ ಜಾಗವನ್ನು ಉಳದೆ ಬಿಟ್ಟು, ಪಕ್ಕದಲ್ಲೇ ಹೊಸ ಗುಣಿ ತೆಗೆದು ಬೀಜ ಹಾಕುವುದು ಒಳ್ಳೆಯದು. ಬೇಸಿಗೆಯಲ್ಲಿ ನೆಲದಿಂದ ಹೊರಬಂದ ಜೇನಿಗೆ ಹೂ ಹತ್ತಿರದಲ್ಲೇ ಸಿಗುತ್ತದೆ.