ಹಳೇ ಡೀಸೆಲ್ ಗಾಡಿಯ ಮೂಗಿಗೆ ಬೆರಳು

ಗಂಗಾವತಿಯಲ್ಲಿ ನಮ್ಮ ಸೋದರಮಾವನದು ಶಾಮಿಯಾನದ ಅಂಗಡಿ. ಕಂಬ, ಪರದೆ, ಕುರ್ಚಿ, ಅನ್ನದ ಕೊಪ್ಪರಿಗೆ ಎಲ್ಲವನ್ನೂ ಹೊರುವುದು 2004ರ ಒಂದು ಟ್ರಾವೆಲರ್ ವ್ಯಾನು. ಮುಂದುಗಡೆ ಇನ್ನೂ ಬಜಾಜ್ ಟೆಂಪೋ ಅಂತಲೇ ಇದೆ. ಆ ಕಂಪನಿ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಿಸಿಕೊಂಡದ್ದು 2005ರಲ್ಲಿ. ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳಿದರೆ ಮಾವ ನಗುತ್ತಾರೆ. ಮೀಟರ್ ಕೇಬಲ್ ಕಡಿದೇ ಎಷ್ಟೋ ವರ್ಷ ಆಯಿತು. ಅದರ ಬದಲು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಮದುವೆಗೆ ಹೋದೆವು, ಎಷ್ಟು ಡೀಸೆಲ್ ಹಾಕಿಸಿದೆವು, ನಡುವೆ ಎಂಜಿನ್ ಆಯಿಲ್ ಎಷ್ಟು ಸುರಿದೆವು, ಅಷ್ಟೇ. ವಿಜ್ಞಾನದ ಮೇಷ್ಟ್ರಾದ ನನಗೆ ಆ ಪುಸ್ತಕ ಮೀಟರಿಗಿಂತ ಹೆಚ್ಚು ಹೇಳುತ್ತದೆ.

ಈ ಎಂಜಿನ್ನಿನ ಮನೆತನ ದೊಡ್ಡದು. ಮೂಲ ಮರ್ಸಿಡಿಸ್‌ನ ಓಎಂ 616 ಎಂಬ ಡೀಸೆಲ್ ಎಂಜಿನ್. ಅದೇ ಎಂಜಿನ್ ಇದ್ದ 1976ರ ಒಂದು ಟ್ಯಾಕ್ಸಿಯನ್ನು ಗ್ರೀಸ್ ದೇಶದ ಗ್ರಿಗೋರಿಯೋಸ್ ಸಾಖಿನಿಡಿಸ್ ಎಂಬ ಚಾಲಕ 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟರು. ಇದನ್ನು ಹೇಳಿದಾಗ ಮಾವ ಮೀಸೆ ತಿರುವಿದರು. ಉಳಿದರ್ಧವನ್ನೂ ಹೇಳಬೇಕಾಯಿತು: ಅಷ್ಟು ದೂರ ಒಂದೇ ಎಂಜಿನ್ ಓಡಿದ್ದಲ್ಲ. ಒಂದು ರಿಪೇರಿಗೆ ಇಳಿದರೆ ಇನ್ನೊಂದು ಏರುತ್ತಿತ್ತು. ಮಾವ ಮೀಸೆ ಬಿಟ್ಟರು.

ಆದರೂ ಹಳೇ ಡೀಸೆಲ್ ಎಂಜಿನ್ ಹೆಚ್ಚು ಬಾಳುತ್ತದೆ ಎನ್ನುವ ಮಾತು ಸುಳ್ಳಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಉಪಾಯ ಸರಳ. ಗಾಳಿಯನ್ನು ಚೆನ್ನಾಗಿ ಅದುಮಿ, ಅದು ಕಾದಾಗ ಎಣ್ಣೆ ಚಿಮುಕಿಸು, ತಾನೇ ಹೊತ್ತಿಕೊಳ್ಳುತ್ತದೆ. ಮಾವನ ವ್ಯಾನಿನಂಥ ಎಂಜಿನ್ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತದೆ. ಗಾಳಿ 500 ಡಿಗ್ರಿ ದಾಟುತ್ತದೆ. ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ. ಅಷ್ಟು ಒತ್ತಡ ತಡೆಯಬೇಕೆಂದು ಎರಕದ ಕಬ್ಬಿಣವನ್ನು ದಪ್ಪಗೆ ಹಾಕಿರುತ್ತಾರೆ. ಜೊತೆಗೆ ಇದು ನಿಧಾನದ ಜೀವ. ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನ ಆಸುಪಾಸಿನಲ್ಲೇ ದಿನ ಕಳೆಯುತ್ತದೆ.

ಹಾಗಾದರೆ ಸವೆಯುವುದು ಯಾಕೆ? ಇದಕ್ಕೆ ಉತ್ತರ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಕ್ಕಿಂತ ಚೆನ್ನಾಗಿ ಗ್ಯಾರೇಜಿನಲ್ಲಿ ಸಿಕ್ಕಿತು.

ಮೂರು ವರ್ಷದ ಹಿಂದೆ ನೋಟ್‌ಬುಕ್ಕಿನಲ್ಲಿ ಆಯಿಲ್ ಲೆಕ್ಕ ಏರತೊಡಗಿತು. ಮೊದಲು ಹತ್ತು ಹನ್ನೆರಡು ಮದುವೆಗೆ ಒಂದು ಲೀಟರ್ ಸುರಿಯುತ್ತಿದ್ದರು. ಅದು ಆರಕ್ಕೆ ಬಂತು. ಮಾವ ಆಯಿಲ್ ಬ್ರ್ಯಾಂಡನ್ನೇ ಬೈದರು. ಮಿಸ್ತ್ರಿ ಎಂಜಿನ್ ಮುಟ್ಟಲೂ ಇಲ್ಲ. "ಮೊದ್ಲು ಇದರ ಮೂಗು ನೋಡೂಣ್ರಿ" ಅಂತ ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ, ಒಳಗೆ ಬೆರಳು ಹಾಕಿ ಎಳೆದ. ಬೆರಳು ಕೆಂಪಗಿತ್ತು. ಕುಂಕುಮಕ್ಕೆ ಬೆರಳಿಟ್ಟಂತೆ. ಪೈಪಿನ ಅಡಿಯಲ್ಲಿ, ಕ್ಲಿಪ್ಪಿನ ಪಕ್ಕ, ಕಣ್ಣಿಗೆ ಬೀಳದಂಥ ಒಂದು ಸೀಳು. ಫಿಲ್ಟರ್ ಹೊಸದೇ. ಆದರೆ ಗಾಳಿ ಅದನ್ನು ತಪ್ಪಿಸಿಕೊಂಡು ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತಿತ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ ನೋಡಿ. ಎರಡೂವರೆ ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆದುಕೊಳ್ಳುತ್ತದೆ. ಪೂರ್ತಿ ತುಂಬುವುದಿಲ್ಲ ಅಂತ ಸ್ವಲ್ಪ ಕಳೆದರೂ ನಿಮಿಷಕ್ಕೆ ಸುಮಾರು 2500 ಲೀಟರ್. ಸುಮ್ನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಬೇಕಾಗುವುದು ಆರೇಳು ಲೀಟರ್. ಅಂದರೆ ಮುನ್ನೂರೈವತ್ತು ಜನ, ಒಂದು ಮದುವೆಯ ಊಟದ ಪಂಕ್ತಿ ಪೂರಾ, ಒಂದೇ ಮೂಗಿನಲ್ಲಿ ಉಸಿರಾಡಿದ ಹಾಗೆ. ಅದೂ ಅದಿರು ಲಾರಿಗಳ ಹಿಂದೆ, ಸಂಡೂರಿನ ಕೆಂಪು ಧೂಳಿನಲ್ಲಿ.

ಆ ಕೆಂಪು ನೋಡಿ ಹೆದರುತ್ತೇವೆ. ಆದರೆ ನಿಜವಾದ ಕಳ್ಳ ಬಣ್ಣವಿಲ್ಲದವನು. ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಕಬ್ಬಿಣದ ಅದಿರು ಹೆಮಟೈಟ್ ಐದೂವರೆಯಿಂದ ಆರೂವರೆ. ಮರಳಲ್ಲೂ ಗ್ರಾನೈಟಿನಲ್ಲೂ ಇರುವ ಬೆಣಚುಕಲ್ಲು ಏಳು. ಕುಷ್ಟಗಿ ಕಡೆ ಕಲ್ಲು ಕ್ವಾರಿಗಳ ಪಕ್ಕ ಹಾದರೆ ಏಳುವ ಬೂದು ಪುಡಿಯಲ್ಲಿ ಇದು ಧಾರಾಳ. ಸಿಲಿಂಡರ್ ಗೋಡೆಯ ಎರಕದ ಕಬ್ಬಿಣಕ್ಕಿಂತ ಎರಡೂ ಗಟ್ಟಿ, ಬೆಣಚು ಇನ್ನೂ ಗಟ್ಟಿ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ರಿಂಗಿಗೂ ಗೋಡೆಗೂ ನಡುವೆ ಆಯಿಲ್ಲಿನ ಒಂದು ತೆಳು ಪದರ ಇರುತ್ತದೆ, ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಷ್ಟೇ. ಧೂಳಿನ ಕಣ ಅದಕ್ಕಿಂತ ತೀರಾ ಸಣ್ಣದಿದ್ದರೆ ಪದರದಲ್ಲಿ ತೇಲಿಕೊಂಡು ಹೋಗುತ್ತದೆ. ಅಷ್ಟೇ ಗಾತ್ರದ್ದೋ, ತುಸು ದೊಡ್ಡದೋ ಆದರೆ ಎರಡೂ ಕಡೆ ಗೀರುತ್ತದೆ. ಹಾಗೆ ಸಂದು ಅಗಲವಾದರೆ ಆಯಿಲ್ ಮೇಲೆ ಹತ್ತಿ ಉರಿದುಹೋಗುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಎಂಜಿನ್ ತಿನ್ನುವ ಕಣ ಅದರ ಹತ್ತರಲ್ಲಿ ಒಂದು ಪಾಲು. ಕಣ್ಣಿಗೆ ಕಾಣುವ ಧೂಳು ಅಷ್ಟು ಕೆಟ್ಟದ್ದಲ್ಲ, ಕಾಣದ್ದೇ ಪಾಪಿ.

ಇನ್ನೊಂದು ವಿಚಿತ್ರ. ಕಾಗದದ ಫಿಲ್ಟರ್ ಸ್ವಲ್ಪ ಕೊಳೆಯಾದ ಮೇಲೆ ಇನ್ನೂ ಚೆನ್ನಾಗಿ ಸೋಸುತ್ತದೆ. ಮೊದಲು ಕೂತ ಧೂಳೇ ಮುಂದಿನ ಧೂಳಿಗೆ ಜರಡಿ. ಆದರೆ ನಮ್ಮ ಕಡೆ ವಾರಕ್ಕೊಮ್ಮೆ ಕಂಪ್ರೆಸರ್ ಗಾಳಿ ಹೊಡೆಸುವ ಚಟ. ಜೋರು ಗಾಳಿಗೆ ಕಾಗದ ಅಲ್ಲಲ್ಲಿ ತೂತಾಗುತ್ತದೆ. ಒಳಗೆ ಬಲ್ಬ್ ಹಿಡಿದರೆ ನಕ್ಷತ್ರ ಕಂಡ ಹಾಗೆ ಚುಕ್ಕೆಗಳು. ಸ್ವಚ್ಛ ಮಾಡುತ್ತೇವೆ ಅಂತ ಮಾಡುವ ಹಾಳು ಇದು. ನನ್ನ ಮಟ್ಟಿಗೆ, ಈ ಜಿಲ್ಲೆಗಳಲ್ಲಿ ಅತಿ ಹೆಚ್ಚು ಎಂಜಿನ್ ಬೋರ್‌ಗೆ, ಅಂದರೆ ಸವೆದ ಸಿಲಿಂಡರ್ ಕೊರೆದು ಸರಿಮಾಡುವ ಕೆಲಸಕ್ಕೆ, ತರುವ ಅಭ್ಯಾಸ ಇದೇ ಇರಬೇಕು.

ನೀರಿನ ಕಥೆ ನಾವೇ ಮಾಡಿಕೊಂಡದ್ದು. ಒಂದು ಮೇ ತಿಂಗಳು, ಮಸ್ಕಿಗೆ ಹೋಗುವಾಗ ರೇಡಿಯೇಟರ್ ಕುದ್ದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ತಲೆಗೂ ನಡುವಿನ ಸೀಲು) ಹೋಯಿತು. ವರ್ಷಾನುಗಟ್ಟಲೆ ಮಾವ ಅದಕ್ಕೆ ಬೋರ್‌ವೆಲ್ ನೀರು ತುಂಬಿದ್ದರು. ಗಡಸು ನೀರು ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಎಂಜಿನ್ ಒಳಗೂ ಅದೇ. ಆ ಸುಣ್ಣದ ಪದರ ಶಾಖ ದಾಟಿಸುವುದರಲ್ಲಿ ಮಹಾ ಸೋಮಾರಿ. ಒಂದು ಮಿಲಿಮೀಟರ್ ಪದರ ಎರಡು ಮೂರು ಸೆಂಟಿಮೀಟರ್ ಕಬ್ಬಿಣದಷ್ಟು ಅಡ್ಡಿ ಮಾಡುತ್ತದೆ. ಅದರ ಮೇಲೆ ರೇಡಿಯೇಟರ್ ಮುಚ್ಚಳದ ವಾಷರ್ ಸತ್ತಿತ್ತು. ಮುಚ್ಚಳ ಹೊರಗಾಳಿಯ ಒತ್ತಡದ ಮೇಲೆ ಇನ್ನೂ ಒಂದು ಬಾರ್ (ಸುಮಾರು ಅಷ್ಟೇ) ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 100ಕ್ಕಲ್ಲ, ಸುಮಾರು 120 ಡಿಗ್ರಿಗೆ. ಹೊರಗೆ 42 ಡಿಗ್ರಿ ಬಿಸಿಲಿದ್ದಾಗ ಆ ಇಪ್ಪತ್ತು ಡಿಗ್ರಿಯೇ ಜೀವ. ಹೋದದ್ದು ಒಂದು ಸಣ್ಣ ಮುಚ್ಚಳ, ಬಿದ್ದದ್ದು ಹೆಡ್ ಕೆಲಸದ ಬಿಲ್ಲು.

ಆಗ ಮಿಸ್ತ್ರಿ, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡಿದ. "ಬಿಸಲೂರಾಗ ಇದ್ಯಾಕ್ ಬೇಕ್ರಿ?" ಬೆರಳಿನ ವಿಷಯದಲ್ಲಿ ಅವನಿಗೆ ಕೈಮುಗಿದವನು ನಾನು, ಇಲ್ಲಿ ಮಾತ್ರ ಒಪ್ಪಲಿಲ್ಲ. ವಾಲ್ವ್ ಇಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ತಣ್ಣಗಿರುವ ಎಂಜಿನ್ ಜಾಸ್ತಿ ಸವೆಯುತ್ತದೆ, ಜಾಸ್ತಿ ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ. ಹೊಸ ವಾಲ್ವ್ ಹಾಕಿಸಲು ಒಂದು ಗಂಟೆ ಜಗಳ ಆಯಿತು.

ನಮ್ಮ ಸೀಮೆಯ ಬಿಸಿಲು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತದೆ. ಒಣ ಹವೆ, ಹಾಗಾಗಿ ತಗಡು ತುಕ್ಕು ಹಿಡಿಯುವುದು ಕಡಿಮೆ. ಕರಾವಳಿಯಲ್ಲಾಗಿದ್ದರೆ ಈ ವ್ಯಾನಿನ ನೆಲ ಯಾವತ್ತೋ ಉದುರಿರುತ್ತಿತ್ತು. ಆದರೆ ರಬ್ಬರ್ ಸಾಯುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ರಬ್ಬರ್ ಹಣ್ಣಾಗುವ ವೇಗ ಸುಮಾರು ಎರಡು ಪಟ್ಟು ಅನ್ನುವುದು ಎಂಜಿನಿಯರುಗಳ ಒಂದು ಅಂದಾಜು ಲೆಕ್ಕ. ಪೈಪು, ಬುಷ್, ಆಯಿಲ್ ಸೀಲು, ಬೆಲ್ಟು, ಯಾವುದೂ ಹೊರತಲ್ಲ. ಇಷ್ಟು ವರ್ಷದಲ್ಲಿ ವ್ಯಾನು ರಸ್ತೆಯಲ್ಲಿ ನಿಂತದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಕಬ್ಬಿಣ ಕೈಕೊಟ್ಟದ್ದು ಒಮ್ಮೆ, ಹಿಂದಿನ ಸ್ಪ್ರಿಂಗ್ ಪಟ್ಟಿ ಮುರಿದಾಗ. ಉಳಿದದ್ದೆಲ್ಲ ರಬ್ಬರೇ.

ಡೀಸೆಲ್ ಮಾತ್ರ ಸುಧಾರಿಸಿದೆ. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಸಿಗುವ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಪಾಲು ಮೀರುವಂತಿಲ್ಲ. ಗಂಧಕ ಸುಟ್ಟರೆ ಆಮ್ಲ, ಆಮ್ಲ ಆಯಿಲ್ಲನ್ನು ಕೆಡಿಸುತ್ತದೆ. ಹಾಗಾಗಿ ಹೊಸ ಡೀಸೆಲ್ ಹಳೇ ಎಂಜಿನ್ನಿಗೆ ಉಪಕಾರವನ್ನೇ ಮಾಡಿದೆ. ಎಂಜಿನ್ ನಮಗೆ ಅಷ್ಟು ಉಪಕಾರಿಯಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿತು. ಮಾವನ ವ್ಯಾನಿನ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜಾಳಿಗೆ ಇಲ್ಲ. ಶಾಮಿಯಾನ ಇಳಿಸುವಾಗ ಎಂಜಿನ್ ಆರಿಸದೇ ನಿಲ್ಲಿಸಿದರೆ ನಾನು ಹೋಗಿ ಕೀ ತಿರುಗಿಸುತ್ತೇನೆ. "ಅಳಿಯಾ, ಮತ್ತ ಸ್ಟಾರ್ಟ್ ಆಗಲಿಲ್ಲಂದ್ರ ನೀನೇ ನೂಕಬೇಕು ನೋಡು" ಅನ್ನುತ್ತಾರೆ. ಇಲ್ಲಿಯವರೆಗೆ ಎರಡು ಸಲ ನೂಕಿದ್ದೇನೆ.

ಪೈಪ್ ಬದಲಿಸಿದ ಮೇಲೆ ಆಯಿಲ್ ಲೆಕ್ಕ ಆರು ಮದುವೆಗೆ ಒಂದು ಲೀಟರಿನಲ್ಲೇ ನಿಂತಿತು. ಸವೆದದ್ದು ವಾಪಸ್ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಈ ಯುಗಾದಿ ಕಳೆದ ಮೇಲೆ ಒಂದು ಲೀಟರಿಗೆ ಆಗುವ ಮದುವೆಗಳ ಸಂಖ್ಯೆ ಮತ್ತೆ ಇಳಿಯತೊಡಗಿದೆ. ಐದು, ಆಮೇಲೆ ನಾಲ್ಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಕಪ್ಪಿದ್ದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ನೀಲಿ ಅಂದರೆ ಆಯಿಲ್ಲೇ ಉರಿಯುತ್ತಿದೆ. ಮಿಸ್ತ್ರಿ ನೋಟ್‌ಬುಕ್ ತಿರುವಿ ನೋಡಿ, ದೀಪಾವಳಿವರೆಗೆ ಓಡುತ್ತೆ, ಆಮೇಲೆ ಬೋರ್ ಕೆಲಸಕ್ಕೆ ಬಿಡಿ ಅಂದ. ಮಾವ ದೀಪಾವಳಿ ಆದಮೇಲಿನ ಹದಿನೈದು ದಿನಕ್ಕೆ ಯಾವ ಮದುವೆಯ ಅಡ್ವಾನ್ಸೂ ತಗೊಂಡಿಲ್ಲ.